ಬಿಟ್ಟದ್ದು ಯಾರ ಪಾಲಾಯಿತು: ಕ್ರೈಸ್ತ ಪರಂಪರೆಯಲ್ಲಿ ವಿಧೇಯತೆ ಮತ್ತು ಸಂಪತ್ತು

ಲೋಕದ ಸಂಪತ್ತಿಗಿಂತ ಪರಲೋಕದ ಪ್ರತಿಫಲ ಹಿರಿದೆಂಬ ಮಾತು ಕ್ರೈಸ್ತ ಧರ್ಮವೊಂದಕ್ಕೇ ಮೀಸಲಾದದ್ದಲ್ಲ. ಸಿರಿಯನ್ನು ಕಡೆಗಣಿಸಿ ಬದುಕಿದ ತತ್ತ್ವಜ್ಞಾನಿಗಳು ಗ್ರೀಸಿನಲ್ಲಿ ಇದ್ದರು; ಮನೆಮಾರು ತೊರೆದು ಹೊರಟ ಶ್ರಮಣರು ಕ್ರಿಸ್ತನಿಗೆ ಶತಮಾನಗಳ ಮುಂಚೆಯೇ ಭಾರತದಲ್ಲಿ ಇದ್ದರು. ಇವರಿಂದ ಕ್ರೈಸ್ತ ಪರಂಪರೆ ಬೇರೆಯಾಗಿ ಕಾಣುವುದು ತ್ಯಾಗವನ್ನು ವಿಧೇಯತೆಯ ಒಂದು ರೂಪವೆಂದು ಅದು ಎಣಿಸುವುದರಿಂದ. ವಿಧೇಯತೆ ಎಂದರೆ ಇಲ್ಲಿ ದೇವರ ಕರೆಯನ್ನು ಕೇಳಿ, ಅದು ತನ್ನನ್ನೇ ಉದ್ದೇಶಿಸಿದ್ದೆಂದು ಒಪ್ಪಿ, ಅದಕ್ಕೆ ತಕ್ಕಂತೆ ನಡೆಯುವುದು. ಮೇಲಿನವರ ಅಪ್ಪಣೆಗೆ ತಲೆಬಾಗುವುದು ಅದರ ಒಂದು ಭಾಗವಾಗಿ ಮುಂದೆ ಸೇರಿಕೊಂಡಿತು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಪೌಲನು ಇದ್ದಬದ್ದದ್ದನ್ನೆಲ್ಲ ಹಂಚಿದರೂ ಪ್ರೀತಿಯಿಲ್ಲದಿದ್ದರೆ ಅದರಿಂದ ಏನೂ ದೊರೆಯದೆಂದು ಎಚ್ಚರಿಸಿರುವುದನ್ನು ನೋಡಿದರೆ, ತ್ಯಾಗಕ್ಕೆ ತನ್ನಷ್ಟಕ್ಕೇ ಬೆಲೆಯಿದೆಯೆಂಬ ಭಾವನೆ ಈ ಧರ್ಮದ ಮೊದಲ ತಲೆಮಾರಿನಲ್ಲೇ ಪ್ರಶ್ನೆಗೆ ಒಳಗಾಗಿತ್ತೆಂಬುದು ಸ್ಪಷ್ಟವಾಗುತ್ತದೆ.

ಈ ಪರಂಪರೆಯ ಚರಿತ್ರೆಯನ್ನು ಓದುವವರು ಭಕ್ತಿಸಾಹಿತ್ಯ ಸಾಮಾನ್ಯವಾಗಿ ಕೇಳದ ಒಂದು ಲೌಕಿಕ ಪ್ರಶ್ನೆಯನ್ನು ಕೇಳುವುದು ಅವಶ್ಯ: ವಿಧೇಯನಾದವನು ಬಿಟ್ಟುಕೊಟ್ಟದ್ದು ಕೊನೆಗೆ ಯಾರ ಕೈ ಸೇರಿತು? ಹೊಲ, ಹಣ, ಬಟ್ಟೆಗಳಂಥ ವಸ್ತುಗಳ ವಿಷಯದಲ್ಲಿ ಇದಕ್ಕೆ ಉತ್ತರ ಹುಡುಕುವುದು ಸುಲಭ. ಸ್ವಂತ ಇಚ್ಛೆಯನ್ನೇ ಆಸ್ತಿಯೆಂದು ಎಣಿಸಿ ಅದನ್ನೂ ಬಿಟ್ಟುಕೊಟ್ಟವರ ವಿಷಯದಲ್ಲಿ ಉತ್ತರ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಈ ಚಿಂತನೆಗೆಲ್ಲ ಮೂಲವಾದದ್ದು ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದ ಪ್ರಸಂಗ. ಒಬ್ಬ ಮನುಷ್ಯ ಓಡಿಬಂದು ಯೇಸುವಿನ ಮುಂದೆ ಮೊಣಕಾಲೂರಿ ನಿತ್ಯಜೀವಕ್ಕೆ ಬಾಧ್ಯನಾಗಲು ಏನು ಮಾಡಬೇಕೆಂದು ಕೇಳುತ್ತಾನೆ. ಮೋಶೆಯ ಆಜ್ಞೆಗಳನ್ನು ಯೇಸು ನೆನಪಿಸಿದಾಗ ಅವನ್ನೆಲ್ಲ ಚಿಕ್ಕಂದಿನಿಂದಲೂ ಪಾಲಿಸಿದ್ದೇನೆಂದು ಹೇಳುತ್ತಾನೆ. ಆಗ ಯೇಸು ಅವನನ್ನು ದಿಟ್ಟಿಸಿ ನೋಡಿ, ಅವನಲ್ಲಿ ಪ್ರೀತಿಯಿಟ್ಟು, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ತನ್ನನ್ನು ಹಿಂಬಾಲಿಸಬೇಕೆಂದು ಹೇಳುತ್ತಾನೆ. ಬಹಳ ಆಸ್ತಿಯಿದ್ದ ಆ ಮನುಷ್ಯ ಮೋರೆ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಅವನು ಯುವಕನೆಂದು ಹೇಳುವವನು ಮತ್ತಾಯ, ಅಧಿಕಾರಿಯೆಂದು ಹೇಳುವವನು ಲೂಕ. ಯೇಸು ಅವನನ್ನು ಪ್ರೀತಿಸಿದನೆಂದು ಹೇಳಿರುವವನು ಮಾರ್ಕನೊಬ್ಬನೇ. ಆಜ್ಞಾಪಾಲನೆಯಲ್ಲಿ ಕೊರತೆಯಿಲ್ಲದ ಒಬ್ಬನು ಕರೆಗೆ ವಿಧೇಯನಾಗಲಾರದೆ ಹೋದನೆಂಬುದು ಈ ಕಥೆಯ ಬಿಕ್ಕಟ್ಟು. ಇವೆರಡರ ನಡುವಿನ ಬಿರುಕಿನಲ್ಲೇ ಮುಂದಿನ ಸುಮಾರು ಎರಡು ಸಾವಿರ ವರ್ಷಗಳ ವ್ಯಾಖ್ಯಾನವೆಲ್ಲ ಬೆಳೆಯಿತು.

ಪ್ರಸಂಗದ ಎರಡನೆಯ ಭಾಗ, ಅಂದರೆ ಪ್ರತಿಫಲವನ್ನು ಕುರಿತ ಭಾಗ, ಮೊದಲನೆಯದಕ್ಕಿಂತ ಕಡಮೆ ಪ್ರಸಿದ್ಧವಾದರೂ ಹೆಚ್ಚು ವಿಚಿತ್ರವಾದದ್ದು. ತಾವು ಎಲ್ಲವನ್ನೂ ಬಿಟ್ಟು ಬಂದವರೆಂದು ಶಿಷ್ಯ ಪೇತ್ರನು ನೆನಪಿಸುತ್ತಾನೆ. ಹಾಗಾದರೆ ತಮಗೇನು ಸಿಗುತ್ತದೆಂಬ ನೇರವಾದ ಪ್ರಶ್ನೆಯನ್ನೂ ಮತ್ತಾಯನು ಅವನ ಬಾಯಿಂದ ಕೇಳಿಸುತ್ತಾನೆ. ವ್ಯಾಪಾರದ ವಾಸನೆಯಿರುವ ಈ ಪ್ರಶ್ನೆಗೆ ಯೇಸು ಸಿಡಿಮಿಡಿಗೊಳ್ಳುವುದಿಲ್ಲ, ನೂರ್ಮಡಿ ಪ್ರತಿಫಲದ ಮಾತನ್ನೇ ಆಡುತ್ತಾನೆ. ಆದರೆ ಮಾರ್ಕನಲ್ಲಿ ಆ ಪ್ರತಿಫಲದ ಪಟ್ಟಿಯೊಳಗೆ ಹಿಂಸೆಯೂ ಸೇರಿಕೊಂಡಿದೆ; ಅಲ್ಲದೆ ಬಿಟ್ಟುಬಂದವರ ಪಟ್ಟಿಯಲ್ಲಿ ತಂದೆಯ ಹೆಸರಿದ್ದರೂ ಮರಳಿ ದೊರೆಯುವವರ ಪಟ್ಟಿಯಲ್ಲಿ ತಂದೆಯಿಲ್ಲ. ಹೊಸ ಬಳಗದಲ್ಲಿ ತಾಯಂದಿರು, ಒಡಹುಟ್ಟಿದವರು, ಮಕ್ಕಳು, ಹೊಲಗಳು ಎಲ್ಲವೂ ಇದ್ದು ಮನೆಯ ಯಜಮಾನನ ಜಾಗ ಮಾತ್ರ ಖಾಲಿಯಿರುವುದನ್ನು ಗಮನಿಸಿದ ವಿದ್ವಾಂಸರು, ಆ ಜಾಗ ದೇವರೊಬ್ಬನಿಗೇ ಮೀಸಲೆಂದು ಅರ್ಥೈಸಿದ್ದಾರೆ. ಈ ಓದು ಸರಿಯಾದದ್ದೇ ಆದರೆ, ಆ ಖಾಲಿ ಜಾಗದಲ್ಲಿ ಕುಳಿತವರ ಸಂಖ್ಯೆ ಚರಿತ್ರೆಯಲ್ಲಿ ಸಣ್ಣದಲ್ಲವೆಂಬುದನ್ನೂ ಹೇಳಬೇಕಾಗುತ್ತದೆ.

ಸುಮಾರು ಕ್ರಿ.ಶ. 200ರ ಹೊತ್ತಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯದಂಥ ವ್ಯಾಪಾರದ ಪಟ್ಟಣದಲ್ಲಿ ಸ್ಥಿತಿವಂತರೂ ಕ್ರೈಸ್ತರಾಗುತ್ತಿದ್ದರು; ಶ್ರೀಮಂತನು ದೇವರ ರಾಜ್ಯವನ್ನು ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಲ್ಲಿ ನುಗ್ಗುವುದು ಸುಲಭವೆಂಬ ಯೇಸುವಿನ ದೃಷ್ಟಾಂತವನ್ನು ಕೇಳಿ ಅವರಲ್ಲಿ ಕೆಲವರು ದಿಗಿಲುಗೊಂಡಿದ್ದರು. ಅಲ್ಲಿನ ಬೋಧಕ ಕ್ಲೆಮೆಂಟ್ ಇದೇ ಮಾರ್ಕನ ಪ್ರಸಂಗವನ್ನು ಹಿಡಿದು, ಯಾವ ಶ್ರೀಮಂತ ಉದ್ಧಾರವಾದಾನು ಎಂಬುದನ್ನೇ ವಿಷಯವಾಗಿಸಿಕೊಂಡು ಒಂದು ಪ್ರವಚನವನ್ನು ರಚಿಸಿದನು. ಅವನ ವಾದದ ಪ್ರಕಾರ ಸಂಪತ್ತು ಒಂದು ಉಪಕರಣ ಮಾತ್ರ, ಒಳಿತು ಕೆಡುಕುಗಳು ಬಳಸುವವನಲ್ಲಿರುತ್ತವೆ. ಮಾರಿ ಕಳೆಯಬೇಕಾದದ್ದು ಮನಸ್ಸಿನ ಲೋಭವನ್ನು. ಎಲ್ಲರೂ ಎಲ್ಲವನ್ನೂ ಬಿಟ್ಟುಬಿಟ್ಟರೆ ಹಸಿದವರಿಗೆ ಅನ್ನ ಕೊಡುವವರು ಯಾರು? ಈ ಕೊನೆಯ ಪ್ರಶ್ನೆಗೆ ಇಂದಿಗೂ ತೂಕವಿದೆ. ಆದರೂ ಕರೆಯ ಅಕ್ಷರಾರ್ಥವನ್ನು ಪೂರ್ತಿಯಾಗಿ ಅಂತರಂಗಕ್ಕೆ ಸಾಗಿಸಿದ ಮೇಲೆ ಹೊರಗಿನ ಬದುಕಿನಲ್ಲಿ ಯಾವ ಬದಲಾವಣೆಯೂ ಬೇಕಾಗುವುದಿಲ್ಲವಾದ್ದರಿಂದ, ಕ್ಲೆಮೆಂಟನ ವ್ಯಾಖ್ಯಾನ ಉಳ್ಳವರಿಗೆ ಅವನು ಉದ್ದೇಶಿಸಿದ್ದಕ್ಕಿಂತ ಹೆಚ್ಚಿನ ನೆಮ್ಮದಿಯನ್ನು ತಂದಿತೆಂದು ಹೇಳಬಹುದು.

ಅದೇ ಈಜಿಪ್ಟಿನಲ್ಲಿ ಎರಡು ಮೂರು ತಲೆಮಾರುಗಳ ಬಳಿಕ ಅಂತೋಣಿ ಎಂಬ ತರುಣ ಚರ್ಚಿನಲ್ಲಿ ಇದೇ ಕಥೆಯ ಪಠಣವನ್ನು ಕೇಳಿ ಅದನ್ನು ಅಕ್ಷರಶಃ ತೆಗೆದುಕೊಂಡನು. ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬರೆದ ಜೀವನಚರಿತ್ರೆಯ ಪ್ರಕಾರ, ತಂದೆತಾಯಿಗಳಿಂದ ಬಂದ 300 ಅರೂರ, ಅಂದರೆ ಸುಮಾರು 200 ಎಕರೆ ಫಲವತ್ತಾದ ಭೂಮಿಯನ್ನು ಅವನು ಊರಿನವರಿಗೆ ಬಿಟ್ಟುಕೊಟ್ಟು, ಚರಾಸ್ತಿಯನ್ನು ಮಾರಿ ಬಡವರಿಗೆ ಹಂಚಿ, ತಂಗಿಗೆಂದು ಸ್ವಲ್ಪವನ್ನು ಇರಿಸಿಕೊಂಡನು; ಮತ್ತೊಂದು ದಿನ ನಾಳೆಯ ಚಿಂತೆ ಬೇಡವೆಂಬ ಬೋಧನೆಯನ್ನು ಕೇಳಿದಾಗ ಅದನ್ನೂ ಕೊಟ್ಟುಬಿಟ್ಟು, ತಂಗಿಯನ್ನು ಕನ್ಯೆಯರ ಆಶ್ರಮದಲ್ಲಿ ಬಿಟ್ಟು ಹೊರಟನು. ಅಣ್ಣನ ವಿಧೇಯತೆಯ ಬೆಲೆಯಲ್ಲಿ ಒಂದು ಪಾಲನ್ನು ತೆತ್ತ ಆ ತಂಗಿಯ ಅಭಿಪ್ರಾಯವೇನಾಗಿತ್ತೆಂಬುದನ್ನು ಜೀವನಚರಿತ್ರಕಾರ ಹೇಳುವ ಗೋಜಿಗೆ ಹೋಗಿಲ್ಲ.

ಮರುಭೂಮಿಯ ಒಂಟಿ ತಪಸ್ವಿಗಳಲ್ಲಿ ಒಂದು ತೊಡಕು ಬೇಗನೆ ಕಾಣಿಸಿಕೊಂಡಿತು. ಎಲ್ಲವನ್ನೂ ಬಿಟ್ಟವನು ತಾನು ಬಿಟ್ಟವನೆಂಬ ಹೆಮ್ಮೆಯನ್ನು ಮಾತ್ರ ಬಿಡುವುದಿಲ್ಲ. ಯಾವಾಗ ಉಪವಾಸ, ಎಷ್ಟು ಜಾಗರಣೆ ಎಂಬುದನ್ನು ತಾನೇ ಗೊತ್ತುಮಾಡಿಕೊಳ್ಳುವವನಿಗೆ ತನ್ನ ಇಚ್ಛೆಯೇ ಸಾಮ್ರಾಜ್ಯವಾಗುತ್ತದೆ. ಪಕೋಮಿಯಸ್ 4ನೆಯ ಶತಮಾನದಲ್ಲಿ ನೈಲ್ ನದಿಯ ದಡದ ತಬೆನ್ನೇಸಿಯಲ್ಲಿ ಒಂದೇ ನಿಯಮಕ್ಕೆ ಒಳಪಟ್ಟ ಸಾಮೂಹಿಕ ಮಠವನ್ನು ಕಟ್ಟಿದ್ದಕ್ಕೂ, ಒಬ್ಬಂಟಿಯಾಗಿ ಬದುಕುವವನು ಯಾರ ಕಾಲನ್ನು ತೊಳೆದಾನೆಂದು ಸಿಸೇರಿಯದ ಬಸಿಲಿಯಸ್ ಕೇಳಿದ್ದಕ್ಕೂ ಈ ತೊಡಕು ಕಾರಣ. ಅದಕ್ಕೆ ಎಲ್ಲಕ್ಕಿಂತ ಕೂಲಂಕಷವಾದ ಉತ್ತರವನ್ನು ಕೊಟ್ಟವನು ಇಟಲಿಯ ಮೊಂತೆ ಕಸ್ಸಿನೊ ಮಠದ ಬೆನೆಡಿಕ್ಟ್.

6ನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಬೆನೆಡಿಕ್ಟ್ ರಚಿಸಿದ 73 ಅಧ್ಯಾಯಗಳ ನಿಯಮಾವಳಿಯಲ್ಲಿ ಆಸ್ತಿಯ ಪ್ರಶ್ನೆಗೂ ವಿಧೇಯತೆಯ ಪ್ರಶ್ನೆಗೂ ನಡುವೆ ಗೆರೆಯೇ ಇಲ್ಲ. 33ನೆಯ ಅಧ್ಯಾಯದ ಪ್ರಕಾರ ಮಠಾಧಿಪತಿಯ ಅಪ್ಪಣೆಯಿಲ್ಲದೆ ಸನ್ಯಾಸಿ ಏನನ್ನೂ ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ. ಪುಸ್ತಕ, ಬರೆಯುವ ಹಲಗೆ, ಲೇಖನಿ ಕೂಡ ತನ್ನದೆನ್ನುವಂತಿಲ್ಲ. ಏಕೆಂದರೆ ಅವನ ದೇಹ ಮತ್ತು ಇಚ್ಛೆಗಳೇ ಅವನ ವಶದಲ್ಲಿಲ್ಲ. ಇದರ ತರ್ಕ ಸೂಕ್ಷ್ಮವಾದದ್ದು. ಲೇಖನಿಯೊಂದನ್ನು ಬಚ್ಚಿಟ್ಟುಕೊಳ್ಳುವ ಸನ್ಯಾಸಿ ಕದಿಯುತ್ತಿರುವುದು ಲೇಖನಿಯ ಬೆಲೆಯನ್ನಲ್ಲ. ಬಿಟ್ಟುಕೊಟ್ಟೆನೆಂದು ಹೇಳಿದ ಸ್ವಾತಂತ್ರ್ಯದ ಒಂದು ಚೂರನ್ನು ಅವನು ಮರಳಿ ವಶಪಡಿಸಿಕೊಳ್ಳುತ್ತಿದ್ದಾನೆ. ಆದ್ದರಿಂದಲೇ ಮಠಾಧಿಪತಿ ಆಗಾಗ ಸನ್ಯಾಸಿಗಳ ಹಾಸಿಗೆಗಳನ್ನು ತಪಾಸಣೆ ಮಾಡಬೇಕೆಂದು 55ನೆಯ ಅಧ್ಯಾಯ ವಿಧಿಸುತ್ತದೆ. ಅಷ್ಟೇ ಕಟ್ಟುನಿಟ್ಟಾಗಿ, ಬೇಕಾದ ವಸ್ತುಗಳನ್ನೆಲ್ಲ ಮಠಾಧಿಪತಿಯೇ ಒದಗಿಸಬೇಕು, ಬಚ್ಚಿಡುವುದಕ್ಕೆ ನೆಪ ಉಳಿಯಬಾರದು ಎಂದೂ ವಿಧಿಸುತ್ತದೆ. 57ನೆಯ ಅಧ್ಯಾಯ ಕುಶಲಕರ್ಮಿಗಳನ್ನು ಕುರಿತದ್ದು: ತನ್ನ ಕಸುಬಿನಿಂದ ಮಠಕ್ಕೆ ಲಾಭವಾಗುತ್ತಿದೆಯೆಂದು ಬೀಗುವವನನ್ನು ಆ ಕಸುಬಿನಿಂದಲೇ ಬಿಡಿಸಬೇಕು, ಮಠದ ಸರಕನ್ನು ಪೇಟೆಯ ದರಕ್ಕಿಂತ ತುಸು ಅಗ್ಗವಾಗಿ ಮಾರಬೇಕು. ಲಾಭ ನಷ್ಟಕ್ಕಿಂತ ಕಸುಬಿನವನ ವಿನಯ ದೊಡ್ಡದೆಂದು ಇಷ್ಟು ಸರಳವಾಗಿ ಲೆಕ್ಕ ಹಾಕಿದ ಆರ್ಥಿಕ ನೀತಿ ಬಹುಶಃ ಇನ್ನೊಂದಿಲ್ಲ.

ಬೆನೆಡಿಕ್ಟನ ವಿಧೇಯತೆ ಕುರುಡಾದದ್ದೂ ಅಲ್ಲ. ಮುಖ್ಯ ವಿಷಯಗಳಲ್ಲಿ ಮಠಾಧಿಪತಿ ಎಲ್ಲರನ್ನೂ ಕರೆದು ಕೇಳಬೇಕು, ಕಿರಿಯವನಿಗೇ ದೇವರು ಸರಿಯಾದದ್ದನ್ನು ತೋರಿಸಿರುವ ಸಂಭವವಿದೆ. ಅಸಾಧ್ಯವಾದ ಕೆಲಸವನ್ನು ಹೊರಿಸಿದರೆ ಸನ್ಯಾಸಿ ತನ್ನ ಅಶಕ್ತಿಯನ್ನು ತಾಳ್ಮೆಯಿಂದ ಅರಿಕೆ ಮಾಡಿಕೊಳ್ಳಬಹುದು. ಆದರೂ ಒಬ್ಬೊಬ್ಬನೂ ಬಿಟ್ಟುಕೊಟ್ಟದ್ದೆಲ್ಲ ಒಂದೇ ಕಡೆ ಜಮೆಯಾಗುವ ವ್ಯವಸ್ಥೆಯಿದು. ಮಠಕ್ಕೆ ಸೇರುವವನು ತನ್ನ ಆಸ್ತಿಯನ್ನು ಬಡವರಿಗಾದರೂ ಕೊಡಬಹುದು, ದಾನಪತ್ರ ಮಾಡಿ ಮಠಕ್ಕಾದರೂ ಒಪ್ಪಿಸಬಹುದು ಎಂದು 58ನೆಯ ಅಧ್ಯಾಯ ಆಯ್ಕೆ ಕೊಡುತ್ತದೆ. ಕಾಲಕ್ರಮದಲ್ಲಿ ರಾಜರೂ ಪಾಳೆಯಗಾರರೂ ಭೂಮಿಯನ್ನು ಉಂಬಳಿ ಕೊಡತೊಡಗಿದರು. 910ರಲ್ಲಿ ಸ್ಥಾಪಿತವಾದ ಫ್ರಾನ್ಸಿನ ಕ್ಲೂನಿ ಮಠ ಯುರೋಪಿನ ಅತ್ಯಂತ ಸಿರಿವಂತ ಸಂಸ್ಥೆಗಳಲ್ಲಿ ಒಂದಾಯಿತು. ಆ ವೈಭವಕ್ಕೆ ಬೇಸತ್ತು 1098ರಲ್ಲಿ ಸೀತೋ ಎಂಬ ಜೌಗು ಪ್ರದೇಶಕ್ಕೆ ಹೋದ ಸಿಸ್ಟರ್ಸಿಯನ್ ಸನ್ಯಾಸಿಗಳು ಸ್ವಂತ ದುಡಿಮೆಯನ್ನು ವ್ರತವಾಗಿ ಹಿಡಿದರು. ದುಡಿಮೆ ಮತ್ತು ಮಿತವ್ಯಯ ಕೂಡಿದ ಕಡೆ ಹಣ ಕೂಡದೆ ಇರುವುದಿಲ್ಲವಾಗಿ, ನೂರು ವರ್ಷ ಕಳೆಯುವುದರೊಳಗೆ ಇಂಗ್ಲೆಂಡಿನ ಅವರ ಮಠಗಳು ಉಣ್ಣೆಯ ದೊಡ್ಡ ಉತ್ಪಾದಕರಾಗಿದ್ದವು. ಬಡ ಸನ್ಯಾಸಿಗಳ ಶ್ರೀಮಂತ ಮಠವೆಂಬ ಈ ವಿಪರ್ಯಾಸ ಕನ್ನಡ ನಾಡಿನ ಓದುಗರಿಗೆ ಅಪರಿಚಿತವೆನಿಸಲಾರದು.

ಹೀಗೆ ವ್ಯಕ್ತಿಯ ಬಡತನವು ಸಂಸ್ಥೆಯ ಬಂಡವಾಳವಾಗುವುದನ್ನು ತಡೆಯಲು ಹೊರಟವರಲ್ಲಿ ಇಬ್ಬರ ಕಥೆಗಳನ್ನು ಒಟ್ಟಿಗೆ ನೋಡಬೇಕು. ಫ್ರಾನ್ಸಿನ ಲಿಯೋನ್ ಪಟ್ಟಣದ ವರ್ತಕ ವಾಲ್ಡೊ ಸುಮಾರು 1173ರಲ್ಲಿ ಆಸ್ತಿಯನ್ನು ಹಂಚಿ, ಸುವಾರ್ತೆಗಳನ್ನು ಆಡುಮಾತಿಗೆ ತರ್ಜುಮೆ ಮಾಡಿಸಿ, ಅನುಯಾಯಿಗಳೊಡನೆ ಬೀದಿಯಲ್ಲಿ ಸಾರತೊಡಗಿದನು. ಇಟಲಿಯ ಅಸ್ಸಿಸಿಯ ಬಟ್ಟೆ ವ್ಯಾಪಾರಿಯ ಮಗ ಫ್ರಾನ್ಸಿಸ್ 1206ರ ಹೊತ್ತಿಗೆ ಅದೇ ಬಗೆಯ ಹಾದಿ ಹಿಡಿದನು. ವಾಲ್ಡೊನ ಬಡತನಕ್ಕೆ ಚರ್ಚು ಆಕ್ಷೇಪ ಎತ್ತಲಿಲ್ಲ. ಅಪ್ಪಣೆಯಿಲ್ಲದೆ ಉಪದೇಶ ಮಾಡಬಾರದೆಂಬ ಆಜ್ಞೆಯನ್ನು ಅವನ ಪಂಥದವರು ಮೀರಿದ್ದರಿಂದ 1184ರಲ್ಲಿ ಅವರನ್ನು ಬಹಿಷ್ಕರಿಸಲಾಯಿತು. ಫ್ರಾನ್ಸಿಸ್ 1209ರಲ್ಲಿ ರೋಮಿಗೆ ಹೋಗಿ ಮೂರನೆಯ ಇನೊಸೆಂಟ್ ಪೋಪರ ಮೌಖಿಕ ಒಪ್ಪಿಗೆಯನ್ನು ಪಡೆದನು. ಇಬ್ಬರೂ ಎಲ್ಲವನ್ನೂ ಬಿಟ್ಟುಕೊಟ್ಟವರೇ. ಒಬ್ಬನ ಪಂಥವನ್ನು ಪಾಷಂಡವೆಂದೂ ಇನ್ನೊಬ್ಬನನ್ನು ಸಂತನೆಂದೂ ವಿಂಗಡಿಸಿದ್ದು ವಿಧೇಯತೆ.

ಫ್ರಾನ್ಸಿಸ್‌ನ ಜೀವನದಲ್ಲೂ ವಿಧೇಯತೆ ಒಂದು ಮುಖದ್ದಾಗಿರಲಿಲ್ಲ. ಹಾಳುಬಿದ್ದ ಚರ್ಚೊಂದರ ಜೀರ್ಣೋದ್ಧಾರಕ್ಕೆಂದು ಅವನು ತಂದೆಯ ಅಂಗಡಿಯ ಬಟ್ಟೆಯನ್ನು ಮಾರಿದಾಗ ತಂದೆ ಪಿಯೆತ್ರೊ ಬೆರ್ನಾರ್ದೊನೆ ಬಿಷಪ್ಪನ ಮುಂದೆ ದೂರು ಒಯ್ದನು. ಫ್ರಾನ್ಸಿಸ್ ಹಣವನ್ನೂ, ಅದರೊಡನೆ ಮೈಮೇಲಿನ ಬಟ್ಟೆಯನ್ನೂ ಕಳಚಿ ತಂದೆಗೆ ಹಿಂದಿರುಗಿಸಿ, ಇನ್ನು ತನಗೆ ತಂದೆ ಪರಲೋಕದಲ್ಲಿರುವವನೇ ಎಂದು ಸಾರಿದನು. ಚಿತ್ರಕಾರರು ಅಕ್ಕರೆಯಿಂದ ಚಿತ್ರಿಸಿರುವ ಈ ಪ್ರಸಂಗದಲ್ಲಿ ಒಂದು ನ್ಯಾಯದ ಅಂಶ ಮರೆಯಾಗಿಬಿಡುತ್ತದೆ: ಬಟ್ಟೆ ತಂದೆಯದಾಗಿತ್ತು, ಪರರ ಸ್ವತ್ತನ್ನು ತ್ಯಾಗ ಮಾಡಲು ಯಾರಿಗೂ ಅಧಿಕಾರವಿಲ್ಲ.

1223ರಲ್ಲಿ ಪೋಪರ ಮುದ್ರೆ ಪಡೆದ ಫ್ರಾನ್ಸಿಸ್‌ನ ನಿಯಮ, ಸೋದರರು ನಾಣ್ಯವನ್ನು ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ ಸ್ವೀಕರಿಸಬಾರದು, ಮನೆಯನ್ನಾಗಲಿ ಜಾಗವನ್ನಾಗಲಿ ತಮ್ಮದಾಗಿಸಿಕೊಳ್ಳಬಾರದು ಎಂದಿತು. ಅವನು ಸತ್ತು ನಾಲ್ಕೇ ವರ್ಷಕ್ಕೆ, 1230ರಲ್ಲಿ, ಅವನ ಮರಣಶಾಸನಕ್ಕೆ ಕಾನೂನಿನ ಬಲವಿಲ್ಲವೆಂದು ಒಂಬತ್ತನೆಯ ಗ್ರೆಗರಿ ಪೋಪರು ತೀರ್ಮಾನಿಸಿದರು. ಸಾವಿರಾರು ಸೋದರರು ವಾಸಿಸುವ ಕಟ್ಟಡಗಳು, ಓದುವ ಪುಸ್ತಕಗಳು ಯಾರವೆಂಬ ಪ್ರಶ್ನೆಗೆ 1279ರಲ್ಲಿ ಮೂರನೆಯ ನಿಕೊಲಾಸ್ ಪೋಪರ ಆಜ್ಞಾಪತ್ರ ಒಂದು ಜಾಣ ಉತ್ತರವನ್ನು ಖಾಯಂಗೊಳಿಸಿತು: ಒಡೆತನ ರೋಮಿನದು, ಸೋದರರಿಗೆ ಬರಿಯ ಬಳಕೆ. ಬಿಟ್ಟದ್ದು ಯಾರ ಪಾಲಾಯಿತೆಂಬ ಪ್ರಶ್ನೆಗೆ ಕಾಗದದ ಮೇಲೆ ಇಷ್ಟು ಸ್ಪಷ್ಟವಾದ ಉತ್ತರ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ.

ಈ ಏರ್ಪಾಡನ್ನು ಮುರಿದವರು ಫ್ರಾನ್ಸಿನ ಅವಿನ್ಯೋನ್‌ನಲ್ಲಿದ್ದ ಪೋಪ್ ಇಪ್ಪತ್ತೆರಡನೆಯ ಜಾನ್. ಗಿಡ್ಡನೆಯ ಹರಕು ನಿಲುವಂಗಿ ತೊಟ್ಟು, ಕಣಜ ನೆಲಮಾಳಿಗೆಗಳಲ್ಲಿ ದವಸ ದ್ರಾಕ್ಷಾರಸಗಳನ್ನು ಕೂಡಿಡುವುದನ್ನು ವಿರೋಧಿಸುತ್ತಿದ್ದ ಕಟ್ಟಾ ಫ್ರಾನ್ಸಿಸ್ಕನ್ನರಿಗೆ ಅವರು 1317ರಲ್ಲಿ ಕೊಟ್ಟ ತೀರ್ಪಿನಲ್ಲಿ ಸದ್ಗುಣಗಳ ತಾರತಮ್ಯವನ್ನೇ ನಿರ್ಧರಿಸಿದರು: ಬಡತನ ದೊಡ್ಡದು, ಅದಕ್ಕಿಂತ ಪರಿಶುದ್ಧತೆ ದೊಡ್ಡದು, ವಿಧೇಯತೆಯನ್ನು ಪೂರ್ಣವಾಗಿ ಕಾಪಾಡಿಕೊಂಡರೆ ಅದು ಎಲ್ಲಕ್ಕೂ ಮಿಗಿಲು. ಒಪ್ಪದ ನಾಲ್ವರನ್ನು 1318ರಲ್ಲಿ ಮಾರ್ಸೇಯ್‌ನಲ್ಲಿ ಸುಡಲಾಯಿತು. 1322ರಲ್ಲಿ ಪೋಪರು ಒಡೆತನವನ್ನು ಸೋದರರಿಗೇ ಹಿಂದಿರುಗಿಸಿದರು. ತಿಂದು ಮುಗಿಸುವ ರೊಟ್ಟಿಯಲ್ಲಿ ಬಳಕೆಯನ್ನೂ ಒಡೆತನವನ್ನೂ ಬೇರ್ಪಡಿಸುವುದು ಹೇಗೆಂಬುದು ಅವರ ವಾದ. ಮರುವರ್ಷ, ಕ್ರಿಸ್ತನೂ ಶಿಷ್ಯರೂ ಏನನ್ನೂ ಹೊಂದಿರಲಿಲ್ಲವೆಂದು ಹಟ ಹಿಡಿಯುವುದು ಪಾಷಂಡವೆಂದು ಘೋಷಿಸಿದರು. ಸೋದರ ಸಂಘದ ಮುಖ್ಯಸ್ಥ ಮೈಕೆಲ್ ಮತ್ತು ತರ್ಕಶಾಸ್ತ್ರಜ್ಞ ಆಕಮ್‌ನ ವಿಲಿಯಂ 1328ರಲ್ಲಿ ಅವಿನ್ಯೋನ್‌ನಿಂದ ತಪ್ಪಿಸಿಕೊಂಡು ಹೋದರು. ರೊಟ್ಟಿಯ ವಾದದಲ್ಲಿ ಪೋಪರ ಕಾನೂನುಜ್ಞಾನ ಹರಿತವಾಗಿದ್ದದ್ದನ್ನು ಒಪ್ಪಲೇಬೇಕು. ಆದರೆ ಎಲ್ಲವನ್ನೂ ಬಿಡಲು ಹೇಳಿದ ಕರೆಗೆ ವಿಧೇಯರಾದವರನ್ನು ವಿಧೇಯತೆಯ ಹೆಸರಿನಲ್ಲೇ ಬೆಂಕಿಗೆ ಕೊಟ್ಟ ಮೇಲೆ, ಸುವಾರ್ತೆಯ ಮೂಲ ಪ್ರಸಂಗದಲ್ಲಿದ್ದ ವಿಧೇಯತೆಗೂ ಇದಕ್ಕೂ ಹೆಸರಿನ ಹೊರತು ಉಳಿದ ಸಂಬಂಧ ಬಹಳ ತೆಳುವಾದದ್ದು.

ಮಾರ್ಟಿನ್ ಲೂಥರನು 1521ರಲ್ಲಿ ಮಠದ ವ್ರತಗಳನ್ನು ವಿಮರ್ಶಿಸುವ ಗ್ರಂಥವನ್ನು ಬರೆದು ಈ ಕಟ್ಟಡದ ಬುನಾದಿಯನ್ನೇ ಅಲುಗಾಡಿಸಿದನು. ದೇವರ ಕೃಪೆ ಉಚಿತವಾದ್ದರಿಂದ ಅದನ್ನು ತ್ಯಾಗದಿಂದ ಗಳಿಸಲಾಗದು, ಚಮ್ಮಾರನೂ ಗೃಹಿಣಿಯೂ ತಮ್ಮ ತಮ್ಮ ಕಾಯಕದಲ್ಲೇ ದೇವರ ಕರೆಗೆ ವಿಧೇಯರಾಗಬಲ್ಲರು ಎಂಬುದು ಅವನ ನಿಲುವು. ಪೇತ್ರನ ಪ್ರಶ್ನೆಯಲ್ಲಿದ್ದ ವ್ಯಾಪಾರದ ವಾಸನೆ ಇದರಿಂದ ಹೋಯಿತಾದರೂ, ಕೃಪೆ ಉಚಿತವೆಂಬುದೇ ಏನನ್ನೂ ಬಿಡದಿರುವುದಕ್ಕೆ ಒಳ್ಳೆಯ ನೆಪವಾಯಿತು. ಜರ್ಮನಿಯ ಪ್ರೊಟೆಸ್ಟಂಟ್ ಸಭೆಗಳ ಬಹುಭಾಗ ನಾತ್ಸಿ ಆಡಳಿತಕ್ಕೆ ವಿಧೇಯವಾಗಿದ್ದ ಕಾಲದಲ್ಲಿ, 1937ರಲ್ಲಿ, ಡೀಟ್ರಿಖ್ ಬಾನ್‌ಹೋಫರ್ ಶಿಷ್ಯತ್ವವನ್ನು ಕುರಿತ ತನ್ನ ಪುಸ್ತಕದಲ್ಲಿ ಶ್ರೀಮಂತ ಯುವಕನ ಕಥೆಗೆ ಮರಳಿ, ಅಂತರಂಗದ ತ್ಯಾಗವೇ ಸಾಕೆಂಬ ವ್ಯಾಖ್ಯಾನವನ್ನು ವಿಧೇಯತೆಯಿಂದ ನುಣುಚಿಕೊಳ್ಳುವ ಉಪಾಯವೆಂದು ಕಟುವಾಗಿ ಕಂಡನು. 1945ರ ಏಪ್ರಿಲ್‌ನಲ್ಲಿ ಫ್ಲಾಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಲೂಥರನ ಪರಂಪರೆಯ ಭಕ್ತಿಪಂಥವೊಂದು ಕರ್ನಾಟಕದ ಕರಾವಳಿಗೂ ಬಂದಿತು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನ ಹೆಬಿಖ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಬಾಸೆಲ್ ನಗರದ ಸ್ಥಿತಿವಂತ ಮನೆತನಗಳವರೂ ಪಾದ್ರಿಗಳೂ ಕೂಡಿದ ಒಂದು ಸಮಿತಿಯ ಕೈಯಲ್ಲಿ ಆಡಳಿತವಿತ್ತು. ಮಿಶನರಿಗಳಲ್ಲಿ ಬಹುಪಾಲಿನವರು ದಕ್ಷಿಣ ಜರ್ಮನಿಯ ಹಳ್ಳಿಗಳ ರೈತಾಪಿ ಮತ್ತು ಕಸುಬುದಾರ ಕುಟುಂಬಗಳಿಂದ ಬಂದವರು. ಮಿಶನರಿ ಎಲ್ಲಿರಬೇಕು, ಯಾವ ಕೆಲಸ ಮಾಡಬೇಕು, ಮದುವೆ ಯಾವಾಗ, ವಧು ಯಾರು ಎಂಬ ತನಕ ಸಮಿತಿಯ ಒಪ್ಪಿಗೆ ಬೇಕಾಗಿತ್ತು. ಪ್ರೊಟೆಸ್ಟಂಟರು ಮಠವನ್ನು ಕೆಡವಿದರೂ ಬೆನೆಡಿಕ್ಟನ 33ನೆಯ ಅಧ್ಯಾಯವನ್ನು ಸಾವಿರಾರು ಮೈಲಿ ದೂರದಿಂದ ಪತ್ರಗಳ ಮೂಲಕ ನಡೆಸಿಕೊಂಡು ಬಂದರೆಂದು ತೋರುತ್ತದೆ. ಹಾಗೆ ಒಪ್ಪಿಸಿದ ಆಯುಷ್ಯಗಳಲ್ಲಿ ಒಂದು ಪಾಲು ಕನ್ನಡಕ್ಕೂ ದಕ್ಕಿತು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯೂ ಮಿಶನರಿ ಕಿಟ್ಟೆಲ್‌ನ 1894ರ ಕನ್ನಡ ನಿಘಂಟೂ ಅದರ ಫಲ.

ಊರಿನವರ ಪಾಲಿಗೆ ಪ್ರಶ್ನೆ ಬೇರೆಯೇ ಆಗಿತ್ತು. 1844ರಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಪೇಟೆಯಲ್ಲಿ ಗದ್ದಲವೆದ್ದಿತು. ಅವನು ಮುಂದೆ ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಹಿಂದಿರುಗಿದನು. ಆ ಕಾಲದ ಹಿಂದೂ ನ್ಯಾಯದಲ್ಲಿ ಆಸ್ತಿಯ ಹಕ್ಕಿಗೂ ಪಿತೃಕಾರ್ಯದ ಹೊಣೆಗೂ ನಂಟಿದ್ದುದರಿಂದ ಮತಾಂತರಗೊಂಡವನ ಪಿತ್ರಾರ್ಜಿತಕ್ಕೆ ಸಂಚಕಾರ ಬರುತ್ತಿತ್ತು. 1850ರ 21ನೆಯ ಕಾಯಿದೆ ಈ ನಷ್ಟವನ್ನು ರದ್ದುಮಾಡಿತು. ಶ್ರಾದ್ಧ ಮಾಡದವನಿಗೆ ಆಸ್ತಿ ಹೇಗೆಂದು ಹಿಂದೂ ಸಮಾಜದ ಮುಖಂಡರು ಮನವಿಗಳನ್ನು ಸಲ್ಲಿಸಿದರು, ಮಿಶನರಿಗಳು ಕಾಯಿದೆಯನ್ನು ಸ್ವಾಗತಿಸಿದರು. ಲೋಕದ ಸಂಪತ್ತು ತೃಣವೆಂದು ಸಾರುವವರು ಮತಾಂತರಿತರ ಆಸ್ತಿಯ ಹಕ್ಕನ್ನು ಬೆಂಬಲಿಸಿದ್ದನ್ನು ಇಬ್ಬಂದಿತನವೆನ್ನಲಾಗದು. ತನ್ನದನ್ನು ತಾನಾಗಿ ಬಿಡುವುದಕ್ಕೂ ಅದನ್ನು ಬೇರೆಯವರು ಕಿತ್ತುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಒಡೆತನವೇ ಇಲ್ಲದವನಿಗೆ ತ್ಯಾಗದ ಅವಕಾಶವೂ ಇರುವುದಿಲ್ಲ.

ತುಳುನಾಡಿನಲ್ಲಿ ಬಾಸೆಲ್ ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರಲ್ಲಿ ಬಹಳ ಮಂದಿಗೆ ಬಿಡಲು ಇದ್ದದ್ದು ಆಸ್ತಿಯಲ್ಲ, ಜೀವನೋಪಾಯ. ಶೇಂದಿ ಇಳಿಸುವ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ, ಜಾತಿಯ ಆಸರೆ ತಪ್ಪುತ್ತಿತ್ತು. ಅವರಿಗೆ ಕೆಲಸ ಒದಗಿಸಲೆಂದು ನೇಯ್ಗೆಯ ಕಾರ್ಖಾನೆ ಹುಟ್ಟಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆಯನ್ನು ತೆರೆದನು. ಧರ್ಮಕಾರ್ಯದವರು ಲಾಭದ ವ್ಯವಹಾರಕ್ಕೆ ನೇರವಾಗಿ ಕೈಹಾಕದಿರಲೆಂದು 1859ರಲ್ಲೇ ಪ್ರತ್ಯೇಕ ವ್ಯಾಪಾರ ಕಂಪೆನಿಯೊಂದನ್ನು ರಚಿಸಲಾಗಿತ್ತು. ಅದರ ಲಾಭದಲ್ಲಿ ಒಂದು ಭಾಗ ಮಿಶನ್ನಿನ ಕೆಲಸಕ್ಕೆ ಸಲ್ಲುತ್ತಿತ್ತು. ಕೆಲಸಗಾರನ ದುಡಿಮೆಯ ಒಡೆಯನೂ ಅವನ ಆತ್ಮದ ಪಾಲಕನೂ ಹೀಗೆ ಒಂದೇ ಬಳಗದವರಾದರು; ಕಾರ್ಖಾನೆಯ ಶಿಸ್ತಿಗೂ ಸಭೆಯ ಶಿಸ್ತಿಗೂ ನಡುವಿನ ಗಡಿ ಮಸುಕಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಈ ಉದ್ಯಮಗಳನ್ನು ಶತ್ರುಗಳ ಸ್ವತ್ತೆಂದು ವಶಪಡಿಸಿಕೊಂಡಿತು; ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಆಡಳಿತಕ್ಕೆ ಹೋದವು. ಸಭೆಗಳು ಮಾತ್ರ ಊರಿನವರ ಕೈಯಲ್ಲಿ ಉಳಿದವು.